ಕ್ರೀಡೆಯ ಆಡಳಿತ: ವಿಜಯಪುರ ಸೀಮೆಯಿಂದ ಕಂಡಂತೆ

ಯಾವುದೇ ಆಟಕ್ಕೆ ಎರಡು ಬಗೆಯ ಕಟ್ಟಳೆಗಳಿರುತ್ತವೆ. ಆಡುವವರು ಪಾಲಿಸಬೇಕಾದವು ಒಂದು ಬಗೆ: ಯಾವುದು ಫೌಲ್, ಯಾವುದು ಪಾಯಿಂಟ್, ಗೆಲುವು ಯಾರದು. ಆಡಿಸುವವರು ಪಾಲಿಸಬೇಕಾದವು ಇನ್ನೊಂದು ಬಗೆ: ತಂಡ ಆರಿಸುವವರು ಯಾರು, ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದವರು ಯಾರು, ದುಡ್ಡಿನ ಲೆಕ್ಕ ಯಾರಿಗೆ ಒಪ್ಪಿಸಬೇಕು, ಅನ್ಯಾಯವಾದರೆ ದೂರು ಎಲ್ಲಿಗೆ ಕೊಡಬೇಕು. ಮೊದಲನೆಯವು ಮೈದಾನದಲ್ಲಿ ಎಲ್ಲರ ಕಣ್ಣೆದುರು ಜಾರಿಯಾಗುತ್ತವೆ. ತಪ್ಪಾದರೆ ಜನ ಅಲ್ಲೇ ಗದ್ದಲ ಎಬ್ಬಿಸುತ್ತಾರೆ. ಎರಡನೆಯವು ಸಂಘದ ಬೈಲಾ, ಸರ್ವಸಾಧಾರಣ ಸಭೆಯ ನಡಾವಳಿ, ಇಲಾಖೆಯ ಕಡತಗಳಲ್ಲಿ ಅಡಗಿರುತ್ತವೆ. ಕ್ರೀಡಾ ಆಡಳಿತ ಎಂದರೆ ಈ ಎರಡನೆಯ ಬಗೆಯದು. ವಿಜಯಪುರ ನಗರ, ತಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ಸೈಕ್ಲಿಂಗ್, ಕುಸ್ತಿ, ಕಬಡ್ಡಿ, ಎತ್ತಿನ ಶರ್ಯತ್ತು ಎಲ್ಲವೂ ಅಕ್ಕಪಕ್ಕದಲ್ಲೇ ಇವೆ. ಒಂದು ಸ್ವಿಟ್ಜರ್ಲೆಂಡಿನ ನಿಯಮಕ್ಕೆ ತಲೆಬಾಗಿದರೆ ಇನ್ನೊಂದು ಊರ ಪಂಚರ ಮಾತಿಗೆ ತಲೆಬಾಗುತ್ತದೆ. ಹೀಗಾಗಿ ಆಡಳಿತದ ಹಲವು ಪದ್ಧತಿಗಳನ್ನು ಇಲ್ಲಿ ಒಂದೇ ಕಡೆ ನೋಡಬಹುದು.

ಎಲ್ಲಕ್ಕಿಂತ ಹಳೆಯದು ಪಂಚರ ಪದ್ಧತಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ, ಹಳ್ಳಿಗಳ ಉರುಸು ಜಾತ್ರೆಗಳಲ್ಲಿ ನಡೆಯುವ ಜಂಗಿ ನಿಕಾಲಿ ಕುಸ್ತಿಗೆ ತೂಕದ ವಿಭಾಗಗಳಿಲ್ಲ. ಪೈಲ್ವಾನರು ಕಣದ ಬದಿಯಲ್ಲಿ ನಿಲ್ಲುತ್ತಾರೆ. ಹಿರಿಯ ಪಂಚರು ಮೈಕಟ್ಟು ನೋಡಿ, ಯಾವ ಗರಡಿಯವನು, ಹಿಂದಿನ ವರ್ಷ ಯಾರನ್ನು ಕೆಡವಿದ್ದ ಎಂಬುದನ್ನು ನೆನೆದು ಜೋಡಿ ಹಚ್ಚುತ್ತಾರೆ. ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ನಿಕಾಲಿ. ಅಲ್ಲಿಯವರೆಗೆ ಕುಸ್ತಿ ಮುಗಿಯುವುದಿಲ್ಲ. ಜೋಡಿ ಸಮ ಇಲ್ಲವೆಂದು ಜನರಿಗೆ ಅನಿಸಿದರೆ ಕೂಗು ಏಳುತ್ತದೆ, ಪಂಚರು ಜೋಡಿ ಬದಲಿಸುವುದೂ ಉಂಟು. ಈ ಪದ್ಧತಿಯಲ್ಲಿ ಮೇಲ್ಮನವಿ ಎಂಬುದೇ ಇಲ್ಲ, ಆದರೆ ತೀರ್ಪು ಕೊಡುವವರು ಸಂಜೆ ಅದೇ ಊರಿನಲ್ಲಿ ಅದೇ ಜನರ ನಡುವೆ ಓಡಾಡಬೇಕು. ಹೊಣೆಗಾರಿಕೆಗೆ ಇದ್ದ ಏಕೈಕ ಆಧಾರ ಅದು. ಬಹುಮಟ್ಟಿಗೆ ಅದು ಸಾಕಾಗಿಯೂ ಇತ್ತು. ಪಂಚರಿಗೆ ಬೇಡವಾದ ಕೇರಿಯ ಹುಡುಗನಿಗೆ ಮಾತ್ರ ಅದು ಸಾಕಾಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಮಣ್ಣಿನಿಂದ ಮ್ಯಾಟಿಗೆ ಬಂದ ಕುಸ್ತಿಯಲ್ಲಿ ಪಂಚರ ಕಣ್ಣಂದಾಜಿನ ಜಾಗಕ್ಕೆ ತಕ್ಕಡಿ ಬಂತು. ಅದರ ಕಟ್ಟುನಿಟ್ಟು ಎಂಥದ್ದೆಂದು ದೇಶ ಕಂಡದ್ದು 2024ರ ಆಗಸ್ಟ್ 7ರಂದು. ಪ್ಯಾರಿಸ್ ಒಲಿಂಪಿಕ್ಸ್‌ನ 50 ಕೆ.ಜಿ. ವಿಭಾಗದ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ಎರಡನೆಯ ದಿನದ ಬೆಳಗಿನ ತೂಕದಲ್ಲಿ 100 ಗ್ರಾಂ ಹೆಚ್ಚಿದ್ದರು. ಹಿಂದಿನ ದಿನ ಗೆದ್ದ ಕುಸ್ತಿಗಳೂ ಲೆಕ್ಕಕ್ಕೆ ಬಾರದೆ ಅವರ ಹೆಸರು ಪಟ್ಟಿಯ ಕೊನೆಗೆ ಹೋಯಿತು. ಕ್ರೀಡಾ ವ್ಯಾಜ್ಯಗಳ ಅಂತರರಾಷ್ಟ್ರೀಯ ಪಂಚಾಯ್ತಿ ನ್ಯಾಯಾಲಯ ಆಗಸ್ಟ್ 14ರಂದು ಮನವಿ ತಳ್ಳಿಹಾಕಿತು. ನಿಯಮ ಕ್ರೂರವೆಂದು ವಾದಿಸಬಹುದು. ಗುಟ್ಟಿನದೆಂದು ಮಾತ್ರ ಹೇಳಲಾಗದು. ಅದು ಮೊದಲೇ ಬರೆದಿಟ್ಟದ್ದು, ಎಲ್ಲರಿಗೂ ಒಂದೇ. ಬರೆದ ನಿಯಮ, ಅದನ್ನು ಜಾರಿ ಮಾಡುವ ಅಧಿಕಾರಿ, ಅವನ ಮೇಲೆ ಮನವಿ ಕೇಳುವ ಇನ್ನೊಂದು ಪೀಠ: ಪಂಚರ ಪದ್ಧತಿಗೂ ಆಧುನಿಕ ಆಡಳಿತಕ್ಕೂ ಇರುವ ಅಂತರ ಈ ಮೂರರಲ್ಲಿದೆ.

ಆಧುನಿಕ ಆಡಳಿತದ ತಳಪಾಯ ಮಾನ್ಯತೆ. ಒಂದು ಆಟಕ್ಕೆ ಜಗತ್ತಿನಲ್ಲಿ ಒಂದೇ ಒಕ್ಕೂಟ. ಅದು ಒಂದು ದೇಶದಲ್ಲಿ ಒಂದೇ ಫೆಡರೇಷನ್ನಿಗೆ ಮಾನ್ಯತೆ ಕೊಡುತ್ತದೆ. ಫೆಡರೇಷನ್ ರಾಜ್ಯಕ್ಕೊಂದು ಸಂಸ್ಥೆಗೆ, ರಾಜ್ಯ ಸಂಸ್ಥೆ ಜಿಲ್ಲೆಗೊಂದು ಅಸೋಸಿಯೇಷನ್ನಿಗೆ. ಸೈಕ್ಲಿಂಗ್‌ನ ಸರಪಳಿ 1900ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ ಈಗ ಸ್ವಿಟ್ಜರ್ಲೆಂಡಿನ ಏಗ್ಲ್ ಪಟ್ಟಣದಲ್ಲಿ ನೆಲೆಸಿರುವ ಜಾಗತಿಕ ಒಕ್ಕೂಟ ಯುಸಿಐನಿಂದ ಆರಂಭವಾಗಿ, ಭಾರತೀಯ ಸೈಕ್ಲಿಂಗ್ ಫೆಡರೇಷನ್, ರಾಜ್ಯ ಸಂಸ್ಥೆಗಳ ಮೂಲಕ ವಿಜಯಪುರದ ಜಿಲ್ಲಾ ಸಂಸ್ಥೆಗೆ ಇಳಿಯುತ್ತದೆ. ಉದ್ದನೆಯ ನೇರ ರಸ್ತೆಗಳು, ಏರುತಗ್ಗು ಕಡಿಮೆ ಇರುವ ಬಯಲು, ಜಾತ್ರೆಗಳ ಸೈಕಲ್ ಶರ್ಯತ್ತಿನ ರೂಢಿ, ಮೇಲಾಗಿ ಸರ್ಕಾರಿ ಕ್ರೀಡಾ ವಸತಿ ನಿಲಯ: ಇವೆಲ್ಲ ಸೇರಿ ಈ ಜಿಲ್ಲೆಯನ್ನು, ನೆರೆಯ ಬಾಗಲಕೋಟೆ, ಬೆಳಗಾವಿಗಳೊಂದಿಗೆ, ಕರ್ನಾಟಕದ ಸೈಕ್ಲಿಂಗ್ ಸೀಮೆಯನ್ನಾಗಿ ಮಾಡಿವೆ. ರಾಷ್ಟ್ರಮಟ್ಟದ ಪದಕ ಗೆದ್ದು ರೈಲ್ವೆ, ಸೇನೆಗಳಲ್ಲಿ ನೌಕರಿ ಹಿಡಿದವರನ್ನು ನೋಡಿಯೇ ಇನ್ನಷ್ಟು ಮಕ್ಕಳು ಸೈಕಲ್ ಹತ್ತಿದ್ದಾರೆ.

ದೂರದ ಒಕ್ಕೂಟದ ನಿಯಮ ರೈತನ ಮನೆಯ ಖರ್ಚಿನ ತನಕ ಹೇಗೆ ಬರುತ್ತದೆ ಎಂಬುದಕ್ಕೆ ಸೈಕಲ್ಲಿನ ತಪಾಸಣೆಯೇ ಸಾಕ್ಷಿ. ಸ್ಪರ್ಧೆಯ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು. ಹಗುರದ ಹುಚ್ಚಿನಲ್ಲಿ ಚೌಕಟ್ಟು ಮುರಿದು ಸವಾರ ಬೀಳಬಾರದೆಂಬುದು ಅದರ ಹಿಂದಿನ ಯೋಚನೆ. ಜೂನಿಯರ್ ಸವಾರರಿಗೆ 2022ರ ಕೊನೆಯವರೆಗೆ ಗೇರಿನ ಮಿತಿಯೂ ಇತ್ತು. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 7.93 ಮೀಟರ್ ಮೀರಿ ಹೋಗುವಂತಿರಲಿಲ್ಲ. ನೆಲದ ಮೇಲೆ ಎರಡು ಗುರುತು ಹಾಕಿ, ಸೈಕಲ್ಲನ್ನು ಕೈಯಿಂದ ಹಿಂದಕ್ಕೆ ತಳ್ಳಿ, ಪೆಡಲ್ ಒಂದು ಸುತ್ತು ಮುಗಿಸಿದಾಗ ಗಾಲಿ ಎಲ್ಲಿ ನಿಂತಿತೆಂದು ಅಧಿಕಾರಿ ಬಗ್ಗಿ ನೋಡುತ್ತಿದ್ದ. ಬೆಳೆಯುವ ಹುಡುಗರ ಮೊಣಕಾಲಿಗೆ ಭಾರ ಬೀಳಬಾರದೆಂದು ಮಾಡಿದ್ದ ಈ ಮಿತಿಯನ್ನು 2023ರಿಂದ ತೆಗೆದುಹಾಕಲಾಯಿತು. ಕಾಗದದ ಮೇಲೆ ಒಂದು ಸಾಲು ಅಳಿಸಿದರೆ, ಗೇರ್ ಬದಲಿಸುವ ಖರ್ಚು ಬೀಳುವುದು ತಂದೆತಾಯಿಯ ಮೇಲೆ. ಯುಸಿಐ ಸ್ಪರ್ಧೆಗೆ ಬರುವ ಹೊಸ ಚೌಕಟ್ಟುಗಳಿಗೆ ಅದರ ಒಪ್ಪಿಗೆಯ ಗುರುತೂ ಬೇಕು. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ ಕೊಳ್ಳಲು ಸಾಲ ಮಾಡುವ ಮನೆಗಳು ಈ ಸೀಮೆಯಲ್ಲಿ ಅಪರೂಪವಲ್ಲ.

ಮಾನ್ಯತೆಯ ನಿಜವಾದ ಬೆಲೆ ತಿಳಿಯುವುದು ಸರ್ಟಿಫಿಕೇಟಿನಲ್ಲಿ. ಕ್ರೀಡಾ ಕೋಟಾದ ಕೇಂದ್ರ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರು ಗೊತ್ತಾದ ನಮೂನೆಯಲ್ಲಿ ಪ್ರಮಾಣಪತ್ರ ತರಬೇಕು. ದೇಶದ ಪರವಾಗಿ ಆಡಿದ್ದರೆ ರಾಷ್ಟ್ರೀಯ ಫೆಡರೇಷನ್ನಿನದು, ರಾಜ್ಯದ ಪರವಾಗಿ ಆಡಿದ್ದರೆ ರಾಜ್ಯ ಸಂಸ್ಥೆಯದು, ವಿಶ್ವವಿದ್ಯಾಲಯದ ಪರವಾಗಿದ್ದರೆ ಅಲ್ಲಿನ ಕ್ರೀಡಾ ಮುಖ್ಯಸ್ಥರದು, ಶಾಲಾ ಕ್ರೀಡೆಯಾದರೆ ಶಿಕ್ಷಣ ಇಲಾಖೆಯದು. ಕೊಟ್ಟ ಸಂಸ್ಥೆಗೆ ಮಾನ್ಯತೆ ಇಲ್ಲವೆಂದಾದರೆ ಆ ಕಾಗದಕ್ಕೆ ಬೆಲೆ ಇಲ್ಲ. ಒಂದೇ ಆಟಕ್ಕೆ ಎರಡು ಸಂಸ್ಥೆ ಹುಟ್ಟಿ, ತಾವೇ ಅಸಲಿ ಎಂದು ಇಬ್ಬರೂ ಟೂರ್ನಿ ನಡೆಸುವ ಪರಿಪಾಠ ದೇಶದ ಎಲ್ಲೆಡೆ ಇದೆ. ಯಾವ ಬಣದ ಹಿಂದೆ ಹೋಗಬೇಕೆಂದು ಹದಿನೈದರ ಹುಡುಗಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದು ಇಪ್ಪತ್ತೆರಡಕ್ಕೆ, ನೌಕರಿಯ ದಾಖಲೆ ಪರಿಶೀಲನೆಯ ಮೇಜಿನ ಎದುರು.

ಒಂದೇ ಸಂಸ್ಥೆ ಎಂಬ ಏಕಸ್ವಾಮ್ಯಕ್ಕೆ ಕಾರಣಗಳಿವೆ. ಎರಡು ಸಂಸ್ಥೆಗಳಿದ್ದರೆ ಎರಡು ಚಾಂಪಿಯನ್ನರು, ಎರಡು ನಿಯಮ, ಎರಡು ದಾಖಲೆಪಟ್ಟಿ. ಆದರೆ ಪ್ರತಿಸ್ಪರ್ಧಿ ಇಲ್ಲದ ಸಂಸ್ಥೆಯನ್ನು ಬಿಟ್ಟು ಆಟಗಾರ ಹೋಗುವುದಾದರೂ ಎಲ್ಲಿಗೆ? ಕಬಡ್ಡಿಯಲ್ಲಿ ಇದು ವಿಕೋಪಕ್ಕೆ ಹೋದದ್ದು ದಾಖಲಾಗಿದೆ. ರಾಷ್ಟ್ರೀಯ ಫೆಡರೇಷನ್ನಿನ ಅಧ್ಯಕ್ಷಗಿರಿ ಮೂರು ದಶಕದ ಹತ್ತಿರ ಒಬ್ಬರ ಕೈಯಲ್ಲಿದ್ದು, ನಂತರ ಅವರ ಪತ್ನಿಗೆ ಬಂತು. 2018ರಲ್ಲಿ ದೆಹಲಿ ಹೈಕೋರ್ಟ್ ಆ ವ್ಯವಸ್ಥೆಯನ್ನು ರದ್ದು ಮಾಡಿ ಆಡಳಿತಾಧಿಕಾರಿಯನ್ನು ನೇಮಿಸಿತು. ಚುನಾಯಿತ ಸಮಿತಿಯ ಕೈಗೆ ಕಾರುಬಾರು ಮರಳಿದ್ದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಊರಿಗೊಂದು ಕಬಡ್ಡಿ ತಂಡ ಇರುವ ವಿಜಯಪುರದಂಥ ಜಿಲ್ಲೆಯ ಆಟಗಾರರ ಎಷ್ಟು ಸೀಸನ್‌ಗಳು ಆ ನಡುವೆ ಕಳೆದುಹೋದವು ಎಂದು ಯಾವ ಕೋರ್ಟೂ ಲೆಕ್ಕ ಹಾಕುವುದಿಲ್ಲ.

ಇಷ್ಟೊಂದು ಅಧಿಕಾರವಿರುವ ಈ ಸಂಸ್ಥೆಗಳು ಕಾನೂನಿನ ಕಣ್ಣಿಗೆ ಬಹಳ ಸಾಧಾರಣ ಸಂಘಗಳು. ಕರ್ನಾಟಕದ ಹೆಚ್ಚಿನ ಕ್ರೀಡಾ ಸಂಸ್ಥೆಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾದವು. ಯುವಕ ಸಂಘ, ಮಹಿಳಾ ಮಂಡಳಿ ನೋಂದಾಗುವುದೂ ಅದರಡಿಯೇ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕ್ರೀಡೆ ರಾಜ್ಯಪಟ್ಟಿಯ 33ನೆಯ ನಮೂದು. ನಾಟಕ, ಸಿನಿಮಾ, ಮನರಂಜನೆಯ ಜೊತೆಗೆ ಅದಕ್ಕೂ ಒಂದು ಮೂಲೆ ಸಿಕ್ಕಿದೆ. ಸಂವಿಧಾನ ಬರೆದ ಕಾಲಕ್ಕೆ ಕ್ರೀಡೆ ಆಡಳಿತದ ವಿಷಯವಾಗಿ ಯಾರ ತಲೆಯಲ್ಲೂ ಇರಲಿಲ್ಲವೆಂದು ಇದರಿಂದ ಕಾಣುತ್ತದೆ. ಹಾಗಾಗಿ ಕೇಂದ್ರ ಬಹುಕಾಲ ಕಾನೂನು ಮಾಡದೆ ಅನುದಾನದ ಲಗಾಮಿನಿಂದ ಫೆಡರೇಷನ್ನುಗಳನ್ನು ಹಿಡಿಯಿತು. ಪದಾಧಿಕಾರಿಗಳಿಗೆ 70 ವರ್ಷದ ವಯೋಮಿತಿ, ಅವಧಿಯ ಮಿತಿ ಹೇಳಿದ 2011ರ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ಸಂಹಿತೆ ಅಂಥ ಲಗಾಮಾಗಿತ್ತು. ಸರ್ಕಾರದ ದುಡ್ಡು ಬೇಡದ ಕ್ರಿಕೆಟ್ ಮಂಡಳಿ ಅದರ ಆಚೆಗೇ ಉಳಿಯಿತು. ಬಿಸಿಸಿಐ ಸಂವಿಧಾನದ ಅರ್ಥದಲ್ಲಿ ಪ್ರಭುತ್ವದ ಅಂಗವಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು, ಆದರೆ ಸಾರ್ವಜನಿಕ ಕೆಲಸ ಮಾಡುವುದರಿಂದ ಹೈಕೋರ್ಟಿನಲ್ಲಿ ರಿಟ್ ಹಾಕಬಹುದೆಂದೂ ಹೇಳಿತು. ಮಂಡಳಿಯ ಸುಧಾರಣೆಗಾಗಿ ಲೋಧಾ ಸಮಿತಿ ಕೊಟ್ಟ ಶಿಫಾರಸುಗಳು 2016ರಲ್ಲಿ, ನ್ಯಾಯಾಲಯವೇ ನೇಮಿಸಿದ ಆಡಳಿತಗಾರರ ಸಮಿತಿ 2017ರಲ್ಲಿ ಬಂದದ್ದು ಆ ಸಂದಿಯಿಂದ.

ಸರ್ಕಾರ ಕೈಹಾಕಿದರೆ ಇನ್ನೊಂದು ಕಡೆಯಿಂದ ಪೆಟ್ಟು ಬೀಳುತ್ತದೆ. ರಾಷ್ಟ್ರೀಯ ಸಂಸ್ಥೆ ಸರ್ಕಾರದ, ಹೊರಗಿನವರ ಹಿಡಿತಕ್ಕೆ ಸಿಕ್ಕಬಾರದೆಂಬುದು ಅಂತರರಾಷ್ಟ್ರೀಯ ಒಕ್ಕೂಟಗಳ ಷರತ್ತು. ಭಾರತೀಯ ಒಲಿಂಪಿಕ್ ಸಂಸ್ಥೆ 2012ರ ಡಿಸೆಂಬರಿನಿಂದ 2014ರ ಫೆಬ್ರುವರಿವರೆಗೆ ಅಮಾನತಿನಲ್ಲಿತ್ತು. ಕೋರ್ಟ್ ನೇಮಿಸಿದ ಸಮಿತಿ ಫುಟ್‌ಬಾಲ್ ಫೆಡರೇಷನ್ನನ್ನು ನಡೆಸುತ್ತಿದೆ ಎಂಬ ಕಾರಣಕ್ಕೆ ಫಿಫಾ 2022ರ ಆಗಸ್ಟ್ 15ರಂದು ಭಾರತವನ್ನು ಅಮಾನತು ಮಾಡಿ ಹನ್ನೊಂದು ದಿನಗಳ ಬಳಿಕ ಹಿಂತೆಗೆದುಕೊಂಡಿತು. ಚುನಾವಣೆ ನಡೆಸಲಿಲ್ಲವೆಂದು ಜಾಗತಿಕ ಕುಸ್ತಿ ಒಕ್ಕೂಟ 2023ರ ಆಗಸ್ಟಿನಲ್ಲಿ ಭಾರತೀಯ ಕುಸ್ತಿ ಫೆಡರೇಷನ್ನನ್ನು ಅಮಾನತಿನಲ್ಲಿಟ್ಟಿತು. ಚುನಾವಣೆ ನಡೆದ ಮೂರೇ ದಿನಕ್ಕೆ, ಡಿಸೆಂಬರಿನಲ್ಲಿ, ಕೇಂದ್ರ ಕ್ರೀಡಾ ಸಚಿವಾಲಯ ಅದನ್ನು ಮತ್ತೆ ಅಮಾನತಿನಲ್ಲಿಟ್ಟಿತು. ಇಬ್ಬರ ಜಗಳದಲ್ಲಿ ಜಿಲ್ಲೆಯ ಪೈಲ್ವಾನನಿಗೆ ಮುಂದಿನ ರಾಷ್ಟ್ರೀಯ ಚಾಂಪಿಯನ್‌ಶಿಪ್ ಯಾರು ನಡೆಸುತ್ತಾರೆಂಬುದೇ ತಿಳಿಯದಾಯಿತು.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಅಧಿನಿಯಮ ಹುಟ್ಟಿದ್ದು ಈ ಗೋಜಲಿನಿಂದ. ಸಂಸತ್ತಿನ ಒಪ್ಪಿಗೆ ಆಗಸ್ಟ್ 12ಕ್ಕೆ ಮುಗಿದು ರಾಷ್ಟ್ರಪತಿಗಳ ಅಂಕಿತ ಆಗಸ್ಟ್ 18ಕ್ಕೆ ಬಿತ್ತು. ಮಾನ್ಯತೆ ಕೊಡಲು, ಕಿತ್ತುಕೊಳ್ಳಲು ರಾಷ್ಟ್ರೀಯ ಕ್ರೀಡಾ ಮಂಡಳಿ. ವ್ಯಾಜ್ಯ ಕೇಳಲು ನ್ಯಾಯಾಧೀಶರ ಅಧ್ಯಕ್ಷತೆಯ ಕ್ರೀಡಾ ನ್ಯಾಯಮಂಡಳಿ. ಚುನಾವಣೆಗೆ ಪ್ರತ್ಯೇಕ ಅಧಿಕಾರಿಗಳ ಪಟ್ಟಿ. ಕಾರ್ಯಕಾರಿ ಸಮಿತಿಯಲ್ಲಿ 15 ಮಂದಿಗಿಂತ ಹೆಚ್ಚು ಇರಬಾರದು, ಕನಿಷ್ಠ ನಾಲ್ವರು ಮಹಿಳೆಯರಿರಬೇಕು, ಆಟಗಾರರಿಗೆ ಸ್ಥಾನ ಇರಬೇಕು. ಸುರಕ್ಷಿತ ಕ್ರೀಡಾ ನೀತಿ, ದೂರು ಪರಿಹಾರದ ವ್ಯವಸ್ಥೆ ಕಡ್ಡಾಯ. ಮಾಹಿತಿ ಹಕ್ಕು ಸರ್ಕಾರದ ನೆರವು ಪಡೆಯುವ ಸಂಸ್ಥೆಗಳಿಗೆ, ಆ ನೆರವಿನ ಮಟ್ಟಿಗೆ ಅನ್ವಯಿಸುತ್ತದೆ. ಎಲ್ಲಕ್ಕಿಂತ ಶ್ರೀಮಂತವಾದ ಕ್ರಿಕೆಟ್ ಮಂಡಳಿ ಹೀಗೆ ಆ ಬಾಗಿಲಿನಿಂದ ಜಾರಿಕೊಂಡಿತು. ರಾಷ್ಟ್ರೀಯ ಕ್ರೀಡಾ ಮಂಡಳಿಯ ನೇಮಕ ಕೇಂದ್ರದ ಕೈಯಲ್ಲಿರುವುದನ್ನು ಅಂತರರಾಷ್ಟ್ರೀಯ ಒಕ್ಕೂಟಗಳು ಹಸ್ತಕ್ಷೇಪ ಎನ್ನುತ್ತವೆಯೋ ಇಲ್ಲವೋ ಕಾಲ ಹೇಳಬೇಕು.

ಈ ಕಾನೂನಿನ ದೊಡ್ಡ ಬಿರುಕು ಇರುವುದು ಕೆಳಗಡೆ. ರಾಷ್ಟ್ರೀಯ ಸಂಸ್ಥೆಗಳ ಚುನಾವಣೆಗೆ ಹೊರಗಿನ ಅಧಿಕಾರಿ ಬರುತ್ತಾನೆ. ಅಂಗಸಂಸ್ಥೆಗಳ ಚುನಾವಣೆ ನೋಡಿಕೊಳ್ಳುವ ವ್ಯವಸ್ಥೆಯನ್ನು ಫೆಡರೇಷನ್ನೇ ಮಾಡಿಕೊಳ್ಳಬೇಕು. ಫೆಡರೇಷನ್ನಿನ ಪದಾಧಿಕಾರಿಗಳನ್ನು ಆರಿಸುವವರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ರಾಜ್ಯ ಸಂಸ್ಥೆಯವರನ್ನು ಆರಿಸುವವರು ಜಿಲ್ಲೆಗಳವರು. ಯಾರ ಮತದಿಂದ ಕುರ್ಚಿ ಸಿಕ್ಕಿತೋ ಅವರ ಮೇಲೆಯೇ ಉಸ್ತುವಾರಿ ಮಾಡಬೇಕೆಂದರೆ ಉಸ್ತುವಾರಿ ಎಷ್ಟು ಬಿಗಿಯಾಗಿದ್ದೀತು? ಜಿಲ್ಲಾ ಅಸೋಸಿಯೇಷನ್ ಎಂದರೆ ಎಷ್ಟೋ ಕಡೆ ಒಬ್ಬ ಕಾರ್ಯದರ್ಶಿ, ಒಂದು ಲೆಟರ್‌ಹೆಡ್, ಒಂದು ಸೀಲು. ಆ ಕಾರ್ಯದರ್ಶಿ ಬಹುಪಾಲು ಪ್ರಾಮಾಣಿಕನೇ, ಕೈಯಿಂದ ಖರ್ಚು ಮಾಡಿ ಹುಡುಗರನ್ನು ರೈಲು ಹತ್ತಿಸುವವನೇ. ಅವನ ಪ್ರಾಮಾಣಿಕತೆಯ ಮೇಲೆ ಇಡೀ ಜಿಲ್ಲೆಯ ಆಟ ನಿಂತಿರಬೇಕೇ ಎಂಬುದು ಬೇರೆ ಮಾತು. ಆಯ್ಕೆ ಟ್ರಯಲ್ಸ್ ಯಾವತ್ತು ಎಂಬ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದ್ದವರಿಗೆ ಮುಟ್ಟುತ್ತದೆ, ಇಲ್ಲದವರಿಗೆ ಟ್ರಯಲ್ಸ್ ಮುಗಿದ ಮೇಲೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮುಟ್ಟುತ್ತದೆ. ತಿಕೋಟಾದ ಹಳ್ಳಿಯ ಮಗು ಜೀವಮಾನದಲ್ಲಿ ಏಗ್ಲ್ ಪಟ್ಟಣದ ಹೆಸರು ಕೇಳಲಿಕ್ಕಿಲ್ಲ. ಅದು ಕಾಣುವ ಕ್ರೀಡಾ ಆಡಳಿತವೆಂದರೆ ಪಿ.ಟಿ. ಮಾಸ್ತರು ಮತ್ತು ಈ ಕಾರ್ಯದರ್ಶಿ.

ಆ ಮಟ್ಟದಲ್ಲಿ ನಕ್ಷೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ತಿಕೋಟಾ, ಬಬಲೇಶ್ವರ ಹೊಸ ತಾಲ್ಲೂಕುಗಳೆಂದು ಘೋಷಣೆಯಾದದ್ದು 2017ರ ರಾಜ್ಯ ಬಜೆಟ್ಟಿನಲ್ಲಿ. ಕಂದಾಯದ ಲೆಕ್ಕದಲ್ಲಿ ಇವು ತಾಲ್ಲೂಕುಗಳು; ಶಾಲಾ ಶಿಕ್ಷಣದ ಲೆಕ್ಕದಲ್ಲಿ ಈ ಭಾಗ ವಿಜಯಪುರ ಗ್ರಾಮೀಣ ವಲಯಕ್ಕೆ ಸೇರಿದ್ದು. ತಾಲ್ಲೂಕು ಮಟ್ಟದ ಕ್ರೀಡಾಕೂಟ ಎಂದರೆ ಯಾವ ನಕ್ಷೆಯ ತಾಲ್ಲೂಕು ಎಂಬುದು ನಡೆಸುವ ಇಲಾಖೆಯ ಮೇಲೆ ಹೋಗುತ್ತದೆ. ದಸರಾ ಕ್ರೀಡಾಕೂಟ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು, ಶಾಲಾ ಕ್ರೀಡಾಕೂಟ ಶಿಕ್ಷಣ ಇಲಾಖೆಯದು, ಅಸೋಸಿಯೇಷನ್ನಿನ ಟೂರ್ನಿ ಮೂರನೆಯದು. ಇದು ಸಣ್ಣ ಸಂಗತಿಯಂತೆ ಕಂಡರೂ ಹಾಗಲ್ಲ. ಒಂದು ತಾಲ್ಲೂಕು ಎರಡಾದರೆ ಜಿಲ್ಲಾ ಮಟ್ಟಕ್ಕೆ ಹೋಗುವ ತಂಡಗಳೂ ಎರಡಾಗಬೇಕು. ಅಷ್ಟು ಮಕ್ಕಳಿಗೆ ದಾರಿ ತೆರೆಯುವುದು, ಮುಚ್ಚುವುದು ಒಂದು ಸುತ್ತೋಲೆಯ ಮೇಲಿದೆ.

ವಯಸ್ಸಿನ ತಗಾದೆಯೂ ಇಲ್ಲಿಂದಲೇ ಶುರು. ಶಾಲಾ ಕ್ರೀಡೆಗಳು 14, 17, 19 ವರ್ಷದೊಳಗಿನವರು ಎಂದು ಭಾಗವಾಗುತ್ತವೆ. ಉತ್ತರ ಕರ್ನಾಟಕದ ಹಳ್ಳಿಗಳ ಹಳೆಯ ದಾಖಲಾತಿ ಪುಸ್ತಕ ತೆರೆದರೆ ಪುಟ ತುಂಬ ಜೂನ್ 1ರಂದು ಹುಟ್ಟಿದವರೇ. ಶಾಲೆ ಶುರುವಾಗುವ ದಿನಕ್ಕೆ ಸರಿಹೊಂದುವಂತೆ ಮಾಸ್ತರು ಅಂದಾಜಿನಲ್ಲಿ ಬರೆದುಕೊಂಡ ತಾರೀಖು ಅದು. ಜನನ ಪ್ರಮಾಣಪತ್ರದ ರೂಢಿ ಬೆಳೆದ ಮೇಲೆ ಇದು ಕಡಿಮೆಯಾಗಿದೆ. ಆದರೂ ಮೋಸದ ಎಣಿಕೆ ಇಲ್ಲದ ಈ ಅಂದಾಜಿಗೂ, ಪದಕಕ್ಕಾಗಿ ಬೇರೆ ಶಾಲೆಯಲ್ಲಿ ಬೇರೆ ತಾರೀಖು ಬರೆಸಿ ಎರಡು ವರ್ಷ ಇಳಿಸುವ ಲೆಕ್ಕಾಚಾರಕ್ಕೂ ಕಾಗದ ನೋಡಿ ಫರಕು ಹೇಳುವುದು ಕಷ್ಟ. 2010ರಲ್ಲಿ ಕೇಂದ್ರ ವಯೋವಂಚನೆಯ ವಿರುದ್ಧ ಸಂಹಿತೆ ತಂದಿತು. ಕ್ರಿಕೆಟ್‌ನಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ಬೆಳವಣಿಗೆಯಿಂದ ವಯಸ್ಸು ಅಂದಾಜಿಸುತ್ತಾರೆ. ಎಲುಬು ಹೇಳುವುದೂ ಅಂದಾಜೇ. ಬೇಗ ಬೆಳೆಯುವ ದೇಹದ ಮಗು ನಿಜ ಹೇಳಿಯೂ ಹೊರಗುಳಿಯಬಹುದು.

ಗಡಿಯದು ಇನ್ನೊಂದು ಬಗೆ. ತಿಕೋಟಾ ತಾಲ್ಲೂಕಿನ ಪಶ್ಚಿಮಕ್ಕೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು. ಅಲ್ಲಿ ಕನ್ನಡ ಶಾಲೆಗಳಿವೆ, ಬೀಗತನ ಈಚೆಗಿದೆ, ಸಂತೆ ವ್ಯವಹಾರವೂ ಈಚೆಗೇ. ಜತ್ತದ ಕನ್ನಡದ ಹುಡುಗ ವಿಜಯಪುರದಲ್ಲಿ ಸೈಕಲ್ ತುಳಿದು ಕಲಿತರೆ ಯಾವ ರಾಜ್ಯಕ್ಕೆ ಆಡಬೇಕು? ಶಾಲಾ ಕ್ರೀಡೆಗೆ ಓದುವ ಶಾಲೆ ಮುಖ್ಯ, ಅಸೋಸಿಯೇಷನ್ನಿಗೆ ವಾಸ್ತವ್ಯದ ದಾಖಲೆ ಮುಖ್ಯ, ರಾಜ್ಯ ಬದಲಿಸಬೇಕಾದರೆ ಮೊದಲಿನವರ ಎನ್‌ಒಸಿ ಬೇಕು. ಪದಕ ಬರುವ ಲಕ್ಷಣವಿರುವ ಹುಡುಗನಿಗೆ ಎನ್‌ಒಸಿ ಸುಲಭವಾಗಿ ಸಿಗುವುದಿಲ್ಲ.

ಮೈದಾನ, ಟ್ರ್ಯಾಕು, ವಸತಿ ನಿಲಯ ಸರ್ಕಾರದವು. ಆಯ್ಕೆ, ಸ್ಪರ್ಧೆ, ಸರ್ಟಿಫಿಕೇಟು ಸಂಸ್ಥೆಗಳವು. ಈ ಒಡಕಿನ ಪರಿಣಾಮ ವಿಜಯಪುರದ ವೆಲೊಡ್ರೋಮಿನಲ್ಲಿ, ಅಂದರೆ ಸೈಕ್ಲಿಂಗ್ ಟ್ರ್ಯಾಕಿನಲ್ಲಿ, ಕಾಣುತ್ತದೆ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಒಂದೇ ಗೇರು. ಗಾಲಿ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತಿರಬೇಕು. ಅದನ್ನು ಸಾರ್ವಜನಿಕ ರಸ್ತೆಗಿಳಿಸುವುದು ಅಪಾಯ. ಒಲಿಂಪಿಕ್ಸ್‌ನಲ್ಲಿ ಸೈಕ್ಲಿಂಗ್‌ನ ಪದಕಗಳಲ್ಲಿ ದೊಡ್ಡ ಪಾಲು 250 ಮೀಟರಿನ ಇಳಿಜಾರು ಟ್ರ್ಯಾಕಿನ ಮೇಲಿನವು. ದೇಶಕ್ಕೆ ಸವಾರರನ್ನು ಕೊಡುವ ಊರಿಗೆ ಟ್ರ್ಯಾಕ್ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೂ ಭೂತನಾಳದ ಬಳಿ ವೆಲೊಡ್ರೋಮಿನ ಕೆಲಸ ಶುರುವಾದ ಮೇಲೆ ಗುಣಮಟ್ಟದ ತಕರಾರು, ಮರುಕೆಲಸ ಎಂದು ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಒಂದು ಪೀಳಿಗೆಯ ಸವಾರರು ಹೆದ್ದಾರಿಯ ಅಂಚಿನಲ್ಲಿ, ಕಬ್ಬಿನ ಲಾರಿಗಳ ಪಕ್ಕದಲ್ಲಿ, ಬೆಳಕು ಹರಿಯುವ ಮುಂಚೆ ತಾಲೀಮು ಮಾಡಿ ವಯಸ್ಸು ದಾಟಿಸಿಕೊಂಡರು. ಕಟ್ಟಿಸುವವರಿಗೆ ಇಳಿಜಾರಿನ ಕೋನ ಗೊತ್ತಿಲ್ಲ, ಗೊತ್ತಿದ್ದವರಿಗೆ ಟೆಂಡರಿನಲ್ಲಿ ಮಾತಿಲ್ಲ ಎಂಬಂಥ ವ್ಯವಸ್ಥೆಯಲ್ಲಿ ಬೇರೆ ಫಲ ನಿರೀಕ್ಷಿಸಲಾಗದು.

ಆಡಳಿತ ಬದಲಾದರೆ ಆಟಗಾರರ ಬದುಕು ಬದಲಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆಯೂ ಈ ಊರಿನಲ್ಲೇ ಇದೆ. ಮಹಿಳಾ ಕ್ರಿಕೆಟ್ 1973ರಿಂದ ಪ್ರತ್ಯೇಕ ಸಂಸ್ಥೆಯ ಕೈಯಲ್ಲಿದ್ದು, ದುಡ್ಡಿನ ಕೊರತೆಯಲ್ಲಿ ನರಳಿ, 2006ರಲ್ಲಿ ಬಿಸಿಸಿಐಗೆ ಸೇರಿತು. ಆ ನಂತರದ ಕಾಲದಲ್ಲಿ ಮೇಲೆ ಬಂದವರು ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ತಂಡವನ್ನು ಸೆಮಿಫೈನಲಿಗೆ ಒಯ್ದರು. 2022ರ ಅಕ್ಟೋಬರಿನಲ್ಲಿ ಪುರುಷರಷ್ಟೇ ಪಂದ್ಯ ಶುಲ್ಕ ಮಹಿಳೆಯರಿಗೂ ಘೋಷಣೆಯಾಯಿತು.

ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ ಇಷ್ಟು ಸಲೀಸಾಗಿ ಬಗೆಹರಿಯಲಿಲ್ಲ. 2022ರಲ್ಲಿ ಸ್ಲೊವೇನಿಯಾದ ತರಬೇತಿ ಶಿಬಿರಕ್ಕೆ ಹೋಗಿದ್ದ ರಾಷ್ಟ್ರೀಯ ಸೈಕ್ಲಿಂಗ್ ತಂಡದ ಆಟಗಾರ್ತಿಯೊಬ್ಬರು ಕೋಚ್ ವಿರುದ್ಧ ದೂರು ಕೊಟ್ಟ ಮೇಲೆ ಭಾರತೀಯ ಕ್ರೀಡಾ ಪ್ರಾಧಿಕಾರ ಆ ಕೋಚ್‌ನ ಒಪ್ಪಂದ ಕೊನೆಗೊಳಿಸಿತು. ಮರುವರ್ಷ ಮಹಿಳಾ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರಿನೊಂದಿಗೆ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಲೇಬೇಕಿತ್ತು. ಹಲವು ಫೆಡರೇಷನ್ನುಗಳಲ್ಲಿ ಅದು ಇರಲೇ ಇಲ್ಲ. ಕ್ರೀಡೆಯಲ್ಲಿ ಕೋಚ್ ಮತ್ತು ಪದಾಧಿಕಾರಿಯ ಹಿಡಿತ ಸಾಮಾನ್ಯ ಕಚೇರಿಯ ಮೇಲಧಿಕಾರಿಯ ಹಿಡಿತಕ್ಕಿಂತ ಬಿಗಿ. ತಂಡದಲ್ಲಿ ಹೆಸರು, ಪ್ರಯಾಣ, ವಸತಿ, ಊಟ, ಮೈಗೆ ಮಸಾಜು ಎಲ್ಲವೂ ಅವರ ಮೂಲಕ. ಹನ್ನೆರಡು ಹದಿಮೂರರ ಮಕ್ಕಳಿರುವ ಜಿಲ್ಲಾ ಕ್ರೀಡಾ ವಸತಿ ನಿಲಯಗಳಿಗೆ ಮಹಿಳಾ ವಾರ್ಡನ್, ಊರಿಗೆ ಫೋನು ಮಾಡುವ ಸ್ವಾತಂತ್ರ್ಯ, ಕೋಚ್‌ಗೆ ಸಂಬಂಧವಿಲ್ಲದ ಒಬ್ಬರ ಬಳಿ ದೂರು ಹೇಳುವ ದಾರಿ ಇವಿಷ್ಟು ಮೊದಲು ಬೇಕು. ಕಾನೂನಿನ ದೊಡ್ಡ ಮಾತುಗಳು ಆಮೇಲೆ.

ಉದ್ದೀಪನ ಮದ್ದಿನ ನಿಯಂತ್ರಣ ಬಹುತೇಕ ಅಂತರರಾಷ್ಟ್ರೀಯ ಪಡಿಯಚ್ಚಿನದು. ಜಾಗತಿಕ ಸಂಸ್ಥೆ ವಾಡಾ 1999ರಲ್ಲಿ, ಭಾರತದ ನಾಡಾ 2005ರಲ್ಲಿ ಬಂದವು. 2022ರ ಕಾಯ್ದೆ ನಾಡಾಕ್ಕೆ ಶಾಸನದ ಬಲ ಕೊಟ್ಟಿತು. ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕರೆ ಆಟಗಾರನೇ ಹೊಣೆ, ಅದು ಹೇಗೆ ಬಂತೆಂದು ಸಾಬೀತು ಮಾಡುವ ಹೊರೆಯೂ ಅವನದೇ. ಜಿಮ್ಮಿನವನು ಕೊಟ್ಟ ಪ್ರೋಟೀನ್ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲು ಬಾರದ ಹುಡುಗನಿಗೂ, ವಿಜ್ಞಾನಿಗಳ ತಂಡವಿಟ್ಟುಕೊಂಡ ವಿದೇಶಿ ಆಟಗಾರನಿಗೂ ಅಳತೆಗೋಲು ಒಂದೇ. ಪರೀಕ್ಷೆ ರಾಷ್ಟ್ರಮಟ್ಟದಲ್ಲಿ ನಡೆಯುತ್ತದೆ, ಚುಚ್ಚುಮದ್ದಿನ ಅಭ್ಯಾಸ ಅದಕ್ಕೂ ಬಹಳ ಮೊದಲು ಹತ್ತುತ್ತದೆ.

ಫಿಕ್ಸಿಂಗ್ ವಿಷಯದಲ್ಲಿ ಕರ್ನಾಟಕವೇ ದೇಶಕ್ಕೆ ಒಂದು ಕಾನೂನಿನ ಪ್ರಶ್ನೆ ಹಾಕಿತು. ಕರ್ನಾಟಕ ಪ್ರೀಮಿಯರ್ ಲೀಗ್‌ನ ಪಂದ್ಯಗಳಿಗೆ ಸಂಬಂಧಿಸಿ 2019ರಲ್ಲಿ ಬೆಂಗಳೂರು ಪೊಲೀಸರು ಬಂಧನಗಳನ್ನು ಮಾಡಿ ವಂಚನೆಯ ದೋಷಾರೋಪ ಹೊರಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಫಿಕ್ಸಿಂಗ್ ಅಶಿಸ್ತು, ಅಪ್ರಾಮಾಣಿಕತೆ ಎನ್ನಿಸಬಹುದು, ಆದರೆ ಟಿಕೆಟ್ ಕೊಂಡ ಪ್ರೇಕ್ಷಕನಿಗೆ ದಂಡಸಂಹಿತೆಯ 420ನೆಯ ಕಲಮಿನ ಅರ್ಥದಲ್ಲಿ ವಂಚನೆ ಆಗುವುದಿಲ್ಲ, ಕ್ರಮ ಕೈಗೊಳ್ಳಬೇಕಾದದ್ದು ಬಿಸಿಸಿಐ ಎಂಬುದು ತೀರ್ಪಿನ ಸಾರ. ಅಂದರೆ ಅಪರಾಧವನ್ನು ಹಿಡಿಯುವ ಅಧಿಕಾರವಿಲ್ಲದ, ಫೋನ್ ಕರೆಯ ದಾಖಲೆ ತರಿಸಿಕೊಳ್ಳಲಾಗದ ಸಂಸ್ಥೆಯೇ ತನಿಖೆ ಮಾಡಬೇಕು; ಅವೆಲ್ಲ ಮಾಡಬಲ್ಲ ಪೊಲೀಸರ ಕೈಯಲ್ಲಿ ಕಲಮಿಲ್ಲ. ಫಿಕ್ಸಿಂಗನ್ನೇ ಅಪರಾಧವೆನ್ನುವ ಪ್ರತ್ಯೇಕ ಕಾನೂನು ದೇಶಕ್ಕೆ ಬೇಕೆಂಬ ವಾದಕ್ಕೆ ಈ ತೀರ್ಪಿಗಿಂತ ಬಲವಾದ ಆಧಾರ ಬೇರೆ ಇಲ್ಲ.

ಫೆಡರೇಷನ್ನೇ ಇಲ್ಲದ ಆಟಗಳನ್ನು ನೇರವಾಗಿ ಕಾನೂನೇ ಆಳುತ್ತದೆ. ತೆರಬಂಡಿ ಅಂಥದ್ದು. ಗಾಲಿ ಉರುಳದಂತೆ ಬಿಗಿದ ಭಾರದ ಬಂಡಿಗೆ ಜೋಡಿ ಎತ್ತು ಹೂಡಿ, ಗೊತ್ತಾದ ಸಮಯದೊಳಗೆ ಎಷ್ಟು ದೂರ ಎಳೆದವೆಂದು ಹಗ್ಗ ಹಿಡಿದು ಅಳೆಯುತ್ತಾರೆ. ಖಿಲಾರಿ ಎತ್ತುಗಳ ತವರಾದ ವಿಜಯಪುರ, ಜತ್ತ, ಸೊಲ್ಲಾಪುರದ ಬಯಲಿನಲ್ಲಿ ಒಳ್ಳೆಯ ಜೋಡಿ ಸಾಕುವುದು ಮನೆತನದ ಮರ್ಯಾದೆಯ ಮಾತು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಹೋರಿಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂದು ಕೇಂದ್ರ 2011ರಲ್ಲಿ ಅಧಿಸೂಚನೆ ಹೊರಡಿಸಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆ ಎತ್ತಿನ ಬಂಡಿ ಓಟವನ್ನೂ ನಿಲ್ಲಿಸಿತು. ಕರಾವಳಿಯ ಕಂಬಳದ ಪರ ಎದ್ದ ಚಳವಳಿಯ ಬಲದಿಂದ ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು. ಕಂಬಳದ ಜೊತೆ ಹೋರಿ ಓಟ, ಎತ್ತಿನ ಬಂಡಿ ಓಟಗಳೂ ಅದರೊಳಗೆ ಸೇರಿದವು. 2023ರ ಮೇ 18ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಅನಗತ್ಯ ನೋವು, ಹಿಂಸೆ ಆಗಬಾರದೆಂಬುದು ತಿದ್ದುಪಡಿಯ ಷರತ್ತು. ಯಾವುದು ಅನಗತ್ಯ? ಬಾರುಕೋಲು ಬೀಸುವುದೋ, ಬಾಲ ತಿರುವುವುದೋ, ಮುಳ್ಳುಮೊಳೆ ಚುಚ್ಚುವುದೋ? ಮೊಳೆಯನ್ನು ಯಾರೂ ಸಮರ್ಥಿಸುವುದಿಲ್ಲ. ಉಳಿದವುಗಳ ಬಗ್ಗೆ ಕಣದಲ್ಲಿ ಒಮ್ಮತವಿಲ್ಲ. ಎಳೆಯಬೇಕಾದ ಭಾರಕ್ಕೆ, ಎತ್ತಿನ ವಯಸ್ಸಿಗೆ, ಒಂದು ದಿನಕ್ಕೆ ಎಷ್ಟು ಸಲ ಹೂಡಬೇಕೆಂಬುದಕ್ಕೆ ಎಲ್ಲ ಊರುಗಳಿಗೂ ಒಪ್ಪಿತವಾದ ಒಂದು ಬರಹದ ಕಟ್ಟಳೆ ಬೇಕು. ಇಲ್ಲಿ ಮಾನ್ಯತೆ ಪಡೆದ ಒಕ್ಕೂಟವಿಲ್ಲದಿರುವ ನಷ್ಟ ಕಾಣುತ್ತದೆ. ಸೈಕಲ್ಲಿಗೆ 6.8 ಕೆ.ಜಿ. ಎಂದು ನಿಗದಿ ಮಾಡುವವರಿದ್ದಾರೆ, ಬಂಡಿಯ ಭಾರ ನಿಗದಿ ಮಾಡುವವರು ಜಾತ್ರಾ ಕಮಿಟಿಯವರಷ್ಟೇ, ಅದೂ ಊರಿಗೊಂದು ಬಗೆ. ಬೈಕು, ಬಂಗಾರ, ಲಕ್ಷದ ಇನಾಮು ಬಂದ ಮೇಲೆ ಪಂಚರ ಮಾತಿನ ತೂಕವೂ ಮೊದಲಿನಂತಿಲ್ಲ.

ಜನರ ಸುರಕ್ಷತೆ ಈ ಎಲ್ಲ ಆಟಗಳಿಗೂ ಸಮಾನವಾದ ಪ್ರಶ್ನೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ತಂಡವೊಂದರ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ನಡೆಸುವ ಕಂಪನಿ, ಪೊಲೀಸರು ಹೊಣೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಆಯೋಜಕರ ಮೇಲೆ ಹೊಣೆ ಹೊರಿಸುವ ಜನಸಂದಣಿ ನಿಯಂತ್ರಣ ಮಸೂದೆಯನ್ನು ಸರ್ಕಾರ ಅದೇ ವರ್ಷ ಮಂಡಿಸಿತು. ಕ್ರೀಡಾಂಗಣಕ್ಕೆ ಗೇಟು, ಟಿಕೆಟು, ವಿಮೆ, ಒಡೆತನ ಎಲ್ಲಕ್ಕೂ ಕಾಗದವಿದ್ದೂ ಹೀಗಾಯಿತು. ತೆರಬಂಡಿಯ ಕಣದ ಸುತ್ತ ಹಗ್ಗ ಹಿಡಿದು ನಿಂತ ಜನರ ಮೇಲೆ ಬೆದರಿದ ಎತ್ತು ನುಗ್ಗಿದರೆ, ಕುಸ್ತಿ ಕಣದ ಕಟ್ಟಿಗೆಯ ಗ್ಯಾಲರಿ ಕುಸಿದರೆ, ಆಯೋಜಕರು ಯಾರು ಎಂಬುದಕ್ಕೆ ನೋಂದಣಿ ಇಲ್ಲದ ಜಾತ್ರಾ ಕಮಿಟಿಯ ಹೆಸರು ಬಿಟ್ಟರೆ ಬೇರೆ ದಾಖಲೆ ಇರುವುದು ಅಪರೂಪ. ಪೊಲೀಸ್ ಠಾಣೆಗೆ ಕೊಟ್ಟ ಅರ್ಜಿಯ ಕೆಳಗೆ ಸಹಿ ಮಾಡಿದವನೇ ಆಗ ಕಾನೂನಿನ ಕೈಗೆ ಸಿಗುವ ಆಯೋಜಕ.